ಬೀಗರೂಟದಲ್ಲಿ ಜಪಾನಿ ಕೂಗು

ಕಳೆದ ಭಾನುವಾರ ಅನುಗೊಂಡನಹಳ್ಳಿ ಹತ್ತಿರದ ಒಂದು ಮಾವಿನ ತೋಪಿನಲ್ಲಿ ಇಪ್ಪತ್ತು ಮೂವತ್ತು ಜನ ಗಂಡಸರು ಒಂದೇ ದನಿಯಲ್ಲಿ ಜಪಾನಿ ಭಾಷೆಯಲ್ಲಿ ಕೂಗಿದ್ದನ್ನು ಕಿವಿಯಾರೆ ಕೇಳಿದೆ.

ತಮಾಷೆ ಮಾಡುತ್ತಿಲ್ಲ. ಅವರಲ್ಲಿ ಮುಕ್ಕಾಲು ಜನರ ಹತ್ತಿರ ಪಾಸ್‌ಪೋರ್ಟ್ ಕೂಡ ಇಲ್ಲ. ನಮ್ಮ ದೊಡ್ಡಪ್ಪ ಒಬ್ಬರಿದ್ದಾರೆ, ಮೆಜೆಸ್ಟಿಕ್‌ಗೆ ಹೋಗಿಬಂದರೆ ವಾರಗಟ್ಟಲೆ ಅದನ್ನೇ ಹೇಳುವವರು. ಅವರೂ ಪಂಚೆ ಎತ್ತಿಕಟ್ಟಿ, ಚಪ್ಪಾಳೆ ತಟ್ಟಿಕೊಂಡು ಜಪಾನಿಯಲ್ಲಿ ಕೂಗುತ್ತಿದ್ದರು.

ಸಂದರ್ಭ ಹೇಳಿಬಿಡುತ್ತೇನೆ. ಹಿಂದಿನ ವಾರ ನಮ್ಮ ಚಿಕ್ಕಪ್ಪನ ಮಗಳ ಮದುವೆಯಾಗಿತ್ತು. ಭಾನುವಾರ ಬೀಗರೂಟ. ನಮ್ಮ ಹೊಸಕೋಟೆ ಕಡೆಯವರಿಗೆ ಬೀಗರೂಟವನ್ನು ಬಿಡಿಸಿ ಹೇಳಬೇಕಿಲ್ಲ. ಛತ್ರದಲ್ಲಿ ಪಾಯಸ, ಕೋಸಂಬರಿ ತಿಂದು ಸಪ್ಪಗಾದ ನಾಲಿಗೆಗೆ ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು. (ಮದುವೆಗೆ ಬರದವರೂ ಬೀಗರೂಟಕ್ಕೆ ಬರುತ್ತಾರೆ. ಬರದಿದ್ದರೆ ಮಟನ್ ಬೇಜಾರು ಮಾಡಿಕೊಳ್ಳುತ್ತದೆಯಲ್ಲ, ಅದಕ್ಕೆ.)

ಮನೆ ಮುಂದೆ ಶಾಮಿಯಾನ, ಮನೆ ಹಿಂದೆ ತೋಪು. ಶಾಮಿಯಾನದಲ್ಲಿ ಹೆಂಗಸರು, ಮಕ್ಕಳು. ತೋಪಿನಲ್ಲಿ ‘ಸ್ವಲ್ಪ ನೆರಳಲ್ಲಿ ಕೂತಿರ್ತೀವಿ’ ಎಂದು ಎದ್ದುಹೋದ ಗಂಡಸರು. ನೆರಳಿನ ಜತೆಗೆ ಅಲ್ಲಿ ಇನ್ನೇನಿದೆ ಎಂದು ಎಲ್ಲ ಹೆಂಗಸರಿಗೂ ಗೊತ್ತು. ಆದರೂ ತೋಪಿನ ಕಡೆ ನಾವು ಹೋಗುವುದಿಲ್ಲ. ಯಾರೂ ಬೋರ್ಡ್ ಹಾಕಿಲ್ಲ, ಯಾರೂ ತಡೆದಿಲ್ಲ. ಹೋಗುವುದಿಲ್ಲ, ಅಷ್ಟೇ.

ಈ ಸಲ ತೋಪಿಗೆ ಒಬ್ಬ ವಿಶೇಷ ಅತಿಥಿ ಬಂದಿದ್ದರು. ಕಿಮುರಾ ಸಾನ್. (‘ಸಾನ್’ ಎಂದರೆ ಜಪಾನಿಯಲ್ಲಿ ನಮ್ಮ ‘ಅವರು’ ಇದ್ದ ಹಾಗೆ.) ಚಿಕ್ಕಪ್ಪನ ಮಗ ಹರೀಶನ ಮ್ಯಾನೇಜರ್. ಹರೀಶ ಹೊಸಕೋಟೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಜಪಾನಿ ಕಂಪನಿಯಲ್ಲಿ ಸೂಪರ್‌ವೈಸರ್. ತಂಗಿಯ ಬೀಗರೂಟಕ್ಕೆ ಕಂಪನಿಯ ಜಪಾನಿ ಸಾಹೇಬರು ಬಂದಿದ್ದಾರೆ ಎಂದರೆ ಬೀಗರ ಮುಂದೆ ಸಣ್ಣ ಸಂಗತಿಯೇ? ಮಕ್ಕಳೆಲ್ಲ ಸೆಲ್ಫಿ ತೆಗೆಸಿಕೊಂಡರು. ಮೊದಲ ಪಂಕ್ತಿಯಲ್ಲೇ ಕೂರಿಸಿ ಮುದ್ದೆ ಬಡಿಸಿದರು. ಪಾಪ, ಅವರು ಮುದ್ದೆಯನ್ನು ಅಗಿಯತೊಡಗಿದಾಗ ನಮ್ಮ ಚಿಕ್ಕಮ್ಮ ಎದುರಿಗೇ ನಿಂತು, “ಅಗೀಬಾರ್ದು ಕಣಪ್ಪಾ, ಹಂಗೇ ನುಂಗ್ಬೇಕು” ಎಂದು ತಮ್ಮ ಗಂಟಲು ತೋರಿಸಿ ಡೆಮೊ ಕೊಟ್ಟರು. ಅವರು ತಲೆಬಾಗಿಸಿ ನುಂಗಿದರು. ಬಹಳ ಸಂಭಾವಿತ ಮನುಷ್ಯ.

ಊಟವಾದ ಮೇಲೆ ಹರೀಶ ಅವರನ್ನು ತೋಪಿಗೆ ಕರೆದುಕೊಂಡು ಹೋದ. ಸ್ವಲ್ಪ ಹೊತ್ತಿಗೆ ಆ ಕೂಗು ಶುರುವಾಯಿತು.

ಇದೇನೆಂದು ಹರೀಶ ಮದುವೆ ಮನೆಯಲ್ಲೇ ನನಗೆ ವಿವರಿಸಿದ್ದ. ಅವನನ್ನು ಕಂಪನಿಯವರು ಟ್ರೈನಿಂಗ್‌ಗೆ ಜಪಾನಿಗೆ ಕಳಿಸಿದ್ದರು. ಅಲ್ಲಿ ಸಂಜೆ ಕೆಲಸ ಮುಗಿಸಿ ಎಲ್ಲರೂ ಒಟ್ಟಿಗೆ ಕುಡಿಯುವ ಜಾಗದಲ್ಲಿ, ಪಕ್ಕದ ಟೇಬಲ್ಲಿನ ಒಂದಷ್ಟು ಹಳಬರು ಇವನಿಗೆ ಈ ವಿದ್ಯೆ ಹೇಳಿಕೊಟ್ಟರಂತೆ. ಪಾರ್ಟಿ ಡಲ್ ಆಯಿತು ಅನ್ನಿಸಿದರೆ ಒಬ್ಬ ಎದ್ದು, ಕೈಯಲ್ಲಿ ಗ್ಲಾಸಿರುವ ಯಾರನ್ನಾದರೂ ತೋರಿಸಿ ರಾಗವಾಗಿ ಕೇಳುತ್ತಾನೆ: ಯಾಕೆ ಹಿಡಿದುಕೊಂಡಿದ್ದೀಯ, ಯಾಕೆ ಹಿಡಿದುಕೊಂಡಿದ್ದೀಯ? ಉಳಿದವರೆಲ್ಲ ಚಪ್ಪಾಳೆ ತಟ್ಟುತ್ತ ಉತ್ತರ ಕೊಡುತ್ತಾರೆ: ಕುಡಿದದ್ದು ಸಾಲದು ಅಂತ ಹಿಡಿದುಕೊಂಡಿದ್ದೀನಿ. ಆಮೇಲೆ ‘ಕುಡಿ ಕುಡಿ ಕುಡಿ’ ಎಂದು ತಾಳ. ಗ್ಲಾಸು ಖಾಲಿಯಾಗುವ ತನಕ ತಾಳ ನಿಲ್ಲುವ ಹಾಗಿಲ್ಲ.

“ಸಖತ್ ಎನರ್ಜಿ ಅಕ್ಕ. ನಮ್ ಕಂಪ್ನಿ ಆನ್ಯುಯಲ್ ಡೇನಲ್ಲೂ ಇದೇ. ಸರ್‌ಗೆ ಬಾಳ ಇಷ್ಟ” ಎಂದಿದ್ದ ಹರೀಶ.

ನಾನೂ ನಕ್ಕಿದ್ದೆ. ಒಳ್ಳೆಯ ಆಟದ ಹಾಗೆ ಕೇಳಿಸುತ್ತದೆ, ಅಲ್ಲವೇ?

ಈಗ ನಿಧಾನವಾಗಿ ಇನ್ನೊಂದು ಸಲ ಓದಿ. ಪ್ರಶ್ನೆ ಕೇಳುವವರು ಅವರು. ಉತ್ತರ ಹೇಳುವವರೂ ಅವರೇ. ‘ಹಿಡಿದುಕೊಂಡಿದ್ದೀನಿ’ ಎಂದು ಅವನ ಪರವಾಗಿ ಅವರೇ ಹೇಳುತ್ತಾರೆ. ಗ್ಲಾಸು ಹಿಡಿದವನಿಗೆ ಇಡೀ ಹಾಡಿನಲ್ಲಿ ಒಂದೇ ಒಂದು ಮಾತಿಲ್ಲ. ಅವನದು ಬರೀ ಗಂಟಲು.

ಇನ್ನು ನಮ್ಮ ಮುನಿರಾಜು ವಿಷಯಕ್ಕೆ ಬರುತ್ತೇನೆ. ನನ್ನ ತಂಗಿ ಮಂಜುಳಾಳ ಗಂಡ. ಜಡಿಗೇನಹಳ್ಳಿ ಕಡೆ ಒಂದೂರಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿ. (ಹೆಸರು, ಊರು ಎಲ್ಲ ಬದಲಾಯಿಸಿದ್ದೇನೆ. ಅವರಿಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಹರೀಶನನ್ನು ಮಾತ್ರ ಕೇಳಿಲ್ಲ. ಕೇಳುವುದೂ ಇಲ್ಲ.)

ಮುನಿರಾಜು ಕುಡಿಯುತ್ತಿದ್ದರು. ಸಂಜೆ ಹಾಲು ಅಳೆದು, ಕ್ಯಾನುಗಳನ್ನು ಗಾಡಿಗೆ ಹತ್ತಿಸಿ, ಆಮೇಲೆ ಶುರು. ಜಗಳಗಂಟರಲ್ಲ, ಕೈ ಎತ್ತುವವರಲ್ಲ. ಸುಮ್ಮನೆ ಕುಡಿದು ಸುಮ್ಮನೆ ಬಿದ್ದುಕೊಳ್ಳುವ ಜಾತಿ. ಹಾಗಿದ್ದರೂ ಆ ಮನೆಯಲ್ಲಿ ಸಂಜೆಯಾಯಿತೆಂದರೆ ಯಾರಿಗೂ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಕೊನೆಗೆ ಕಾಮಾಲೆ ಬಂತು. ಕಣ್ಣು ಅರಿಶಿನ ಹಚ್ಚಿದ ಹಾಗೆ ಆಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಮಂಜುಳಾಳನ್ನು ಪಕ್ಕಕ್ಕೆ ಕರೆದು, “ಲಿವರ್ ಇನ್ನು ತಡಕೊಳ್ಳಲ್ಲಮ್ಮ, ಮತ್ತೆ ಕುಡಿದ್ರೆ ನಾನೇನೂ ಮಾಡೋಕಾಗಲ್ಲ” ಎಂದರು.

ಹೋದ ವರ್ಷ ಅವರು ಮದ್ಯವರ್ಜನ ಶಿಬಿರಕ್ಕೆ ಸೇರಿದರು. ಯಾರೂ ಎಳೆದುಕೊಂಡು ಹೋಗಲಿಲ್ಲ, ತಾವೇ ಬ್ಯಾಗು ತುಂಬಿಕೊಂಡು ಹೋದರು. ಅವತ್ತಿನಿಂದ ಒಂದು ತೊಟ್ಟು ಮುಟ್ಟಿರಲಿಲ್ಲ. ಬಿಡುವುದು ಎಷ್ಟು ಕಷ್ಟ ಎನ್ನುವುದು ಕುಡಿಯದ ನಮ್ಮಂಥವರಿಗೆ ಏನು ಗೊತ್ತು? ಮೊದಲ ತಿಂಗಳುಗಳಲ್ಲಿ ಸಂಜೆ ಆ ಹೊತ್ತಾದರೆ ಕೈ ನಡುಗುತ್ತಿತ್ತಂತೆ. ಡೇರಿಯ ಬಾಗಿಲು ಹಾಕಿಕೊಂಡು ಒಳಗೇ ಕೂತು, ಮಂಜುಳಾ ಬಂದು ಕರೆದುಕೊಂಡು ಹೋಗುವ ತನಕ ಹೊರಗೆ ಬರುತ್ತಿರಲಿಲ್ಲವಂತೆ. ಗಂಡ ಹೆಂಡತಿ ಇಬ್ಬರೂ ಡೇರಿಯಿಂದ ಮನೆಗೆ ಜತೆಯಲ್ಲಿ ನಡೆದು ಬರುವುದನ್ನು ನೋಡಿ ಊರಿನವರು ‘ಏನಪ್ಪಾ, ಹೊಸ ಮದುವೆನಾ’ ಎಂದು ರೇಗಿಸುತ್ತಿದ್ದರಂತೆ. ರೇಗಿಸಿದವರಿಗೆ ವಿಷಯ ಗೊತ್ತಿರಲಿಲ್ಲ.

ನನಗೆ ಅವರು ಕುಡಿತ ಬಿಟ್ಟರು ಎಂದು ನಂಬಿಕೆ ಬಂದದ್ದು ಅವರ ಮಗಳನ್ನು ನೋಡಿದ ಮೇಲೆ. ಡಿಗ್ರಿ ಓದುವ ಹುಡುಗಿ. ಈ ವರ್ಷ ಮೊದಲ ಸಲ ಕಾಲೇಜಿನ ಫ್ರೆಂಡ್ಸನ್ನು ಸಂಜೆ ಮನೆಗೆ ಕರೆಯಲು ಶುರುಮಾಡಿದ್ದಳು.

ಅಂಥವರು ತೋಪಿಗೆ ಯಾಕೆ ಹೋದರು ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಅವತ್ತು ಬಂದಿದ್ದ ಅಳಿಯಂದಿರಲ್ಲಿ ಅವರೇ ಹಿರಿಯರು. ಹಿರಿಯ ಅಳಿಯ ಬೀಗರ ಜತೆ ಹೋಗಿ ಕೂರದಿದ್ದರೆ ಅದೊಂದು ಮಾತಾಗುತ್ತದೆ. ‘ಹುಡುಗಿ ಕಡೆಯವ್ರಿಗೆ ನಾವು ಅಂದ್ರೆ ಅಷ್ಟಕ್ಕಷ್ಟೆ’ ಎಂದು ಆ ಮಾತು ಮುಂದಿನ ಮದುವೆಯ ತನಕ ಬರುತ್ತದೆ. ಆದ್ದರಿಂದ ಹೋದರು. ಹೋಗುವಾಗ ಒಂದು ಗ್ಲಾಸಿಗೆ ನಿಂಬೆಹಣ್ಣಿನ ಸೋಡ ಹಾಕಿಸಿಕೊಂಡರು. ಶಿಬಿರದಲ್ಲಿ ಜತೆಗಿದ್ದವರು ಹೇಳಿಕೊಟ್ಟ ಉಪಾಯ ಅದು. ಕೈ ಖಾಲಿಯಿದ್ದರೆ ಎಲ್ಲರೂ ‘ತಗೊಳ್ಳಿ ತಗೊಳ್ಳಿ’ ಎನ್ನುತ್ತಾರೆ, ಕೈಯಲ್ಲೊಂದು ಗ್ಲಾಸಿದ್ದರೆ ಯಾರೂ ಕೇಳುವುದಿಲ್ಲ.

ಒಂದು ವರ್ಷದಿಂದ ಅವರನ್ನು ಕಾಪಾಡಿದ್ದು ಆ ಉಪಾಯವೇ. ಆದರೆ ಈ ಕೂಗಿನ ನಿಯಮವೇನು? ಯಾರ ಕೈಯಲ್ಲಿ ಗ್ಲಾಸಿದೆಯೋ ಅವರೇ ಗುರಿ.

ಅಡುಗೆಯ ಒಲೆಗಳು ತೋಪಿನ ಬೇಲಿಯ ಪಕ್ಕದಲ್ಲೇ ಇದ್ದವು. ಎರಡನೇ ಪಂಕ್ತಿಗೆ ಸಾರು ತುಂಬಿಸಿಕೊಳ್ಳಲು ನಾನು, ಮಂಜುಳಾ ಅಲ್ಲಿಗೆ ಹೋಗಿದ್ದೆವು. ಮೊದಲು ಕಿಮುರಾ ಸಾನ್ ಸರದಿ. ಹರೀಶ ಜಪಾನಿಯಲ್ಲಿ ಕೇಳಿದ, ಎಲ್ಲರೂ ಅವನು ಆಗಷ್ಟೇ ಬಾಯಿಪಾಠ ಮಾಡಿಸಿದ್ದ ಜಪಾನಿಯಲ್ಲಿ ಉತ್ತರಿಸಿದರು. ಅವರು ಎದ್ದು ನಿಂತು, ತಲೆಬಾಗಿಸಿ, ಒಂದೇ ಉಸಿರಿಗೆ ಖಾಲಿ ಮಾಡಿದರು. ಭಾರಿ ಚಪ್ಪಾಳೆ. ನಾವಿಬ್ಬರೂ ಬೇಲಿಯ ಈಚೆ ನಿಂತು ನಗುತ್ತಿದ್ದೆವು.

ಆಮೇಲೆ ಹರೀಶ ತಿರುಗಿದ. ಈ ಸಲ ಕನ್ನಡದಲ್ಲಿ.

“ಭಾವ ಯಾಕ್ ಹಿಡ್ಕೊಂಡವ್ರೆ?”

“ಸಾಲ್ದು ಅಂತ ಹಿಡ್ಕೊಂಡವ್ರೆ” ಎಂದಿತು ಇಡೀ ತೋಪು.

ಮುನಿರಾಜು ನಗುತ್ತ ಕೈ ಆಡಿಸಿದರು. ಇದು ಸೋಡ ಎಂದು ಗ್ಲಾಸು ಎತ್ತಿ ತೋರಿಸಿದರು. ಅದೇ ತಪ್ಪಾಯಿತು. “ಅಯ್ಯೋ, ಭಾವನ್ ಗ್ಲಾಸಲ್ಲಿ ಬರೀ ಸೋಡ ಕಣ್ರಲೇ” ಎಂದು ಯಾರೋ ಅದಕ್ಕೆ ಬಾಟಲಿಯಿಂದ ಸುರಿದೇಬಿಟ್ಟರು. ಭಾವನನ್ನು ಕಾಡುವುದು ಭಾವಮೈದುನರ ಹಕ್ಕು ತಾನೇ? ಮತ್ತೆ ಕೂಗು. ಮತ್ತೆ ಚಪ್ಪಾಳೆ. ಭಾವ ಯಾಕ್ ಹಿಡ್ಕೊಂಡವ್ರೆ. ಸಾಲ್ದು ಅಂತ ಹಿಡ್ಕೊಂಡವ್ರೆ. ಬೀಗರೂ ಸೇರಿಕೊಂಡರು. ದೊಡ್ಡಪ್ಪನೂ ಸೇರಿಕೊಂಡರು.

ನನ್ನ ಪಕ್ಕದಲ್ಲಿ ಮಂಜುಳಾ ಸಾರಿನ ಬಕೆಟ್ಟು ಕೆಳಗಿಟ್ಟಳು. ಬೇಲಿಯ ಹತ್ತಿರ ಹೋಗಿ “ರೀ” ಎಂದಳು.

ಅಷ್ಟೇ. ಒಂದೇ ಸಲ. ಜೋರಾಗಿಯೂ ಅಲ್ಲ.

ಮುನಿರಾಜು ಗ್ಲಾಸನ್ನು ನೋಡಿದರು. ಸುತ್ತಲಿದ್ದವರನ್ನು ನೋಡಿದರು. ನಾನು ಬೇಲಿ ದಾಟಿ ತೋಪಿನೊಳಗೆ ಹೋದೆ. (ಹೌದು, ಹೋದೆ. ಆಮೇಲೆ ಚಿಕ್ಕಮ್ಮ ಅದಕ್ಕೊಂದು ಕ್ಲಾಸು ತೆಗೆದುಕೊಂಡರು.) ನಾನು ತಲುಪುವಷ್ಟರಲ್ಲಿ ಗ್ಲಾಸು ಖಾಲಿಯಾಗಿತ್ತು. ಹರೀಶ ಅವರನ್ನು ತಬ್ಬಿಕೊಂಡು ಎತ್ತುತ್ತಿದ್ದ. ಎಲ್ಲರೂ ಕುಣಿಯುತ್ತಿದ್ದರು. ಯಾರೋ ಎರಡನೆಯದು ಸುರಿಯುತ್ತಿದ್ದರು.

“ಹರೀಶ, ಅವ್ರಿಗೆ ಲಿವರ್ ಹೋಗಿದೆ ಕಣೋ, ನಿಂಗೊತ್ತಿಲ್ವಾ” ಎಂದೆ.

“ಗೊತ್ತು ಅಕ್ಕ, ಒಂದು ಗ್ಲಾಸ್‌ಗೆ ಏನಾಗುತ್ತೆ? ವರ್ಷ ಆಯ್ತಲ್ಲ ಬಿಟ್ಟು” ಎಂದ.

ಅವನಿಗೆ ಗೊತ್ತಿತ್ತು. ಕಾಮಾಲೆಯಾಗಿದ್ದಾಗ ಆಸ್ಪತ್ರೆಗೆ ಎಳನೀರು ತಂದುಕೊಟ್ಟವನೇ ಅವನು.

ನನಗೆ ಸಿಟ್ಟು ಬಂದದ್ದು ಆಗಲ್ಲ. ಸಿಟ್ಟು ಬಂದದ್ದು ಸ್ವಲ್ಪ ಹೊತ್ತಿನ ಮೇಲೆ, ಕಿಮುರಾ ಸಾನ್ ಜತೆ ಮಾತಾಡಿದಾಗ.

ಅವರು ತೋಪಿನಿಂದ ಎದ್ದು ಬಂದು ಶಾಮಿಯಾನದ ಮೂಲೆಯಲ್ಲಿ ಒಂದು ಕುರ್ಚಿಯಲ್ಲಿ ಕೂತಿದ್ದರು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದರು. ನಾನು ಮಜ್ಜಿಗೆ ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡರು. ಇಂಗ್ಲಿಷಿನಲ್ಲಿ ಒಂದೊಂದೇ ಪದ ಹುಡುಕಿ, ನಾನು ಅಂಕಣ ಬರೆಯುತ್ತೇನೆ ಎಂದು ಹರೀಶ ಹೇಳಿದ್ದಾಗಿಯೂ, ತಮಗೊಂದು ಅನುಮಾನವಿರುವುದಾಗಿಯೂ ಹೇಳಿದರು.

“ಈ ಕೂಗಿ ಕುಡಿಸುವ ಪದ್ಧತಿ ನಿಮ್ಮಲ್ಲಿ ಬಹಳ ಹಳೆಯದೇ?”

ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಇದು ನಿಮ್ಮ ದೇಶದ್ದಲ್ಲವೇ ಎಂದೆ.

ಹೌದು, ಕೂಗು ತಮ್ಮದೇ ಎಂದರು. ಕಾಲೇಜಿನಲ್ಲಿದ್ದಾಗ ತಾವೂ ಕೂಗಿದ್ದರಂತೆ. ಆದರೆ ಜಪಾನಿನ ತಮ್ಮ ಆಫೀಸಿನಲ್ಲಿ ಈಗ ಯಾರೂ ಹೀಗೆ ಮಾಡುವುದಿಲ್ಲ, ಮಾಡಿದರೆ ಕಂಪ್ಲೇಂಟ್ ಆಗುತ್ತದೆ ಎಂದರು. ಹೀಗೆ ಕುಡಿಸಿ ಕುಡಿಸಿ ಅಲ್ಲಿ ಎಷ್ಟೋ ಎಳೆಯ ಹುಡುಗರು ಸತ್ತಿದ್ದಾರೆ. ಇವರ ಜೂನಿಯರ್ ಒಬ್ಬನನ್ನು ಆಂಬುಲೆನ್ಸಿನಲ್ಲಿ ಒಯ್ಯಬೇಕಾಗಿತ್ತಂತೆ. ಅವನು ಉಳಿದ. ಇವರು ಮತ್ತೆ ಯಾವತ್ತೂ ಕೂಗಲಿಲ್ಲ. ಈಗ ತಮಗೇ ಅಲ್ಸರ್ ಇದೆ, ಕುಡಿಯಬಾರದು ಎಂದರು.

ಮತ್ತೆ ಇಲ್ಲಿ ಕುಡಿದಿರಲ್ಲ?

ಅವರು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. “ನಾನು ಇಲ್ಲಿಗೆ ಬಂದ ಮೇಲೆ ಕಂಪನಿಯ ಮೊದಲ ಪಾರ್ಟಿಯಲ್ಲೇ ಎಲ್ಲರೂ ಅಷ್ಟು ಪ್ರೀತಿಯಿಂದ ನಮ್ಮ ಭಾಷೆಯಲ್ಲಿ ಹಾಡಿದರು. ಅತಿಥಿಗೆ ಮರ್ಯಾದೆ ಮಾಡುವ ಇಲ್ಲಿಯ ಕ್ರಮವಿರಬೇಕು, ನನಗೋಸ್ಕರ ಅದಕ್ಕೆ ನಮ್ಮ ಕೂಗನ್ನು ಕಲಿತಿದ್ದಾರೆ ಅಂದುಕೊಂಡೆ. ಬೇಡ ಅಂದರೆ ನಿಮಗೆ ಅವಮಾನವಾಗುತ್ತದೆ ಅಂತ ಕುಡಿದೆ.”

ಅಲ್ಲಿಂದಲೇ ಹರೀಶನನ್ನು ಕರೆದೆ. ನಿನ್ನ ಸರ್ ಏನನ್ನುತ್ತಾರೆ ಕೇಳು ಎಂದೆ. ಅವರು ಇನ್ನೊಂದು ಸಲ, ತಲೆ ಬಗ್ಗಿಸಿಯೇ, ಎಲ್ಲ ಹೇಳಿದರು. ಹರೀಶನ ಮುಖ ಸಪ್ಪಗಾಯಿತು.

“ಇಷ್ಟ ಇಲ್ವಾ ಸರ್‌ಗೆ? ನಿಲ್ಸಿದ್ರೆ ಸರ್ ಬೇಜಾರ್ ಮಾಡ್ಕೋತಾರೆ ಅಂತಲೇ ನಾವು ಪ್ರತಿ ಸಲ ಮಾಡ್ತಿದ್ದಿದ್ದು ಅಕ್ಕ. ನಮ್ ಹುಡುಗ್ರಲ್ಲೂ ಎಷ್ಟೋ ಜನಕ್ಕೆ ಇಷ್ಟ ಇಲ್ಲ.”

ನೋಡಿದಿರಾ ನಮ್ಮ ಮರ್ಯಾದೆಯ ಕಥೆ? ಅವರಿಗೆ ಬೇಜಾರಾಗಬಾರದು ಎಂದು ಇವರು ಕೂಗುತ್ತಾರೆ. ಇವರಿಗೆ ಬೇಜಾರಾಗಬಾರದು ಎಂದು ಅವರು ಕುಡಿಯುತ್ತಾರೆ. ಕೂಗುವವರಿಗೂ ಬೇಕಿಲ್ಲ, ಕುಡಿಯುವವರಿಗೂ ಬೇಕಿಲ್ಲ. ಆದರೂ ಆ ಕಂಪನಿಯ ಪ್ರತಿ ಪಾರ್ಟಿಯಲ್ಲೂ ಇದು ನಡೆದಿದೆ. ನಮ್ಮ ಜನರಲ್ಲದೆ ಇಂಥದ್ದನ್ನು ಇಷ್ಟು ಶ್ರದ್ಧೆಯಿಂದ ಇನ್ನು ಯಾರು ಮಾಡಿಯಾರು?

ಅವರು ಬಿಟ್ಟದ್ದನ್ನು ನಾವು ಹಿಡಿದುಕೊಂಡೆವು. ಅವರ ಊರಿನಲ್ಲಿ ಹುಡುಗರು ಸತ್ತ ಮೇಲೆ ಅವರು ಕಸಕ್ಕೆ ಹಾಕಿದ್ದನ್ನು ನಾವು ವಿಮಾನದಲ್ಲಿ ತಂದು ತೋಪಿನಲ್ಲಿ ನೆಟ್ಟೆವು.

ತರುವುದಕ್ಕೆ ಬೇರೇನೂ ಇರಲಿಲ್ಲವೇ? ಇದೇ ಹರೀಶ ಹೇಳಿದ್ದು ಕೇಳಿ. ಅವರ ಕಂಪನಿಯಲ್ಲಿ ಬಿಡಿಭಾಗ ತಯಾರಾಗುವ ಲೈನಿನ ಉದ್ದಕ್ಕೂ ಒಂದು ಹಗ್ಗ ಇರುತ್ತದಂತೆ. ಏನಾದರೂ ತಪ್ಪು ಕಂಡರೆ ಯಾವ ಕೆಲಸಗಾರ ಬೇಕಾದರೂ, ನಿನ್ನೆ ಸೇರಿದ ಟ್ರೈನಿ ಕೂಡ, ಆ ಹಗ್ಗ ಎಳೆಯಬಹುದು. ಲೈನ್ ನಿಲ್ಲುತ್ತದೆ. ಯಾರೂ ಬೈಯುವುದಿಲ್ಲ. ಸೂಪರ್‌ವೈಸರೇ ಓಡಿಬಂದು ಏನಾಯಿತು ಎಂದು ಕೇಳುತ್ತಾನೆ. ಒಂದು ಬೋಲ್ಟು ಓರೆಯಾಗಿದ್ದರೂ ಸಾಕು, ಹಗ್ಗ ಎಳೆಯಲೇಬೇಕು. ಇದನ್ನು ಹೇಳುವಾಗ ಅವನ ಎದೆ ಉಬ್ಬಿತ್ತು.

ತೋಪಿನಲ್ಲಿ ಲಿವರ್ ಕೆಟ್ಟ ಮನುಷ್ಯನ ಗ್ಲಾಸಿಗೆ ಸುರಿಯುತ್ತಿದ್ದಾಗ ಅಷ್ಟು ಜನರಲ್ಲಿ ಒಬ್ಬನೂ ಹಗ್ಗ ಎಳೆಯಲಿಲ್ಲ. ಬೋಲ್ಟಿಗಿರುವ ಬೆಲೆ ಭಾವನಿಗಿಲ್ಲ.

‘ಕೂಗುವುದು ನಮ್ಮಲ್ಲೇನು ಹೊಸದೇ ಮೇಡಂ’ ಎಂದು ಕೆಲವರು ವಾದಿಸುತ್ತಾರೆ, ಗೊತ್ತು. ಹೊಸದಲ್ಲ. ಪಂಕ್ತಿಯಲ್ಲಿ ಹಿರಿಯರೊಬ್ಬರು ಗೋವಿಂದಾ ಎನ್ನುತ್ತಾರೆ, ಎಲ್ಲರೂ ಗೋವಿಂದ ಎನ್ನುತ್ತೇವೆ. ಆದರೆ ಅದು ಎಲ್ಲರಿಗೂ ಸೇರಿದ ಕೂಗು. ಒಬ್ಬನ ಮೇಲೆ ಬಿದ್ದು ಅವನ ಗಂಟಲು ಹಿಡಿಯುವುದಿಲ್ಲ. ಬಲವಂತವೂ ನಮ್ಮಲ್ಲಿದೆ, ಒಪ್ಪುತ್ತೇನೆ. ಬೀಗರೂಟವೇ ಒಂದು ಬಲವಂತ. ‘ಇನ್ನೊಂದು ಮುದ್ದೆ, ನಮ್ಮಾಣೆ’ ಎಂದು ಎಲೆಗೆ ಹಾಕುವವರು ನಾವು. ಆದರೆ ಎಲೆಯ ಮುಂದೆ ಕೂತವನಿಗೆ ಒಂದು ದಾರಿ ಬಿಟ್ಟಿದ್ದೇವೆ. ಎರಡೂ ಕೈಯನ್ನು ಎಲೆಯ ಮೇಲೆ ಅಡ್ಡ ಇಟ್ಟು ಬಗ್ಗಿಬಿಟ್ಟರೆ ಮುಗಿಯಿತು. ಎಂಥ ಹಟಮಾರಿ ಚಿಕ್ಕಮ್ಮನೂ ಆ ಕೈಗಳ ಮೇಲೆ ಸಾರು ಸುರಿಯುವುದಿಲ್ಲ. ಬೇಡ ಎನ್ನುವುದಕ್ಕೂ ನಮ್ಮ ಹಿರಿಯರು ಒಂದು ಜಾಗ ಇಟ್ಟಿದ್ದರು. ಈ ಕೂಗಿನಲ್ಲಿ ಆ ಜಾಗ ಎಲ್ಲಿದೆ?

ಇಲ್ಲ. ಇರಬಾರದು ಎಂದೇ ಅದನ್ನು ಕಟ್ಟಿದ್ದಾರೆ.

ಮುಂದೇನಾಯಿತು ಕೇಳಿ. ಭಾನುವಾರ ಮುನಿರಾಜು ಮೂರು ಗ್ಲಾಸು ಕುಡಿದರು. ಮಂಜುಳಾ ಗಲಾಟೆ ಮಾಡಲಿಲ್ಲ. ಬಡಿಸುವುದನ್ನು ನಿಲ್ಲಿಸಿ, ಹೋಗಿ ಕಾರಿನಲ್ಲಿ ಕೂತಳು. ಅವರ ಮಗಳು ಅಪ್ಪನ ಕೈ ಹಿಡಿದು ಕರೆದುಕೊಂಡು ಬಂದಳು. ‘ಅರ್ಧದಲ್ಲೇ ಎದ್ದು ಹೋದ್ರು’ ಎಂದು ಬೀಗರ ಕಡೆಯ ಒಬ್ಬರು ಆಗಲೇ ಆಕ್ಷೇಪಣೆ ತೆಗೆದರು. (ಮಾತು ಬರಬಾರದೆಂದೇ ಅವರು ತೋಪಿಗೆ ಹೋದದ್ದು, ನೆನಪಿದೆಯಲ್ಲ?)

ಸೋಮವಾರ ಬೆಳಿಗ್ಗೆ ಡೇರಿಯ ಬಾಗಿಲು ತೆರೆಯಲಿಲ್ಲ. ಜನ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಮಂಜುಳಾ ಬೀಗದ ಕೈ ತೆಗೆದುಕೊಂಡು ಹೋಗಿ, ಪಕ್ಕದ ಮನೆಯವರನ್ನು ಸಹಾಯಕ್ಕೆ ಕರೆದು ಹಾಲು ಅಳೆದಳು. ಮಂಗಳವಾರವೂ ಅದೇ. ಮಗಳು ಫ್ರೆಂಡ್ಸಿಗೆ ಈ ವಾರ ಬರಬೇಡಿ ಎಂದು ಮೆಸೇಜು ಹಾಕಿದಳು. ಅಮ್ಮನಿಗೆ ಅದನ್ನು ಹೇಳಲಿಲ್ಲ. ನನಗೆ ಹೇಳಿದಳು.

ಮಂಗಳವಾರ ಸಂಜೆ ಹರೀಶನ ಫೋನು.

“ಅಕ್ಕ, ಇದನ್ನೆಲ್ಲ ಪೇಪರ್‌ಗೆ ಹಾಕ್ಬೇಡಿ. ನಾನೇನು ಗಂಟಲಿಗೆ ಸುರಿದ್ನಾ? ಭಾವನೇ ತಾನೇ ಕುಡ್ದಿದ್ದು. ಬೇಡ ಅನ್ನೋ ಮನಸ್ಸಿದ್ರೆ ಬೇಡ ಅನ್ನಬೋದಿತ್ತು.”

“ನಿನ್ನ ಕಿಮುರಾ ಸಾನ್ ಬೇಡ ಅಂದ್ರೇನೋ?” ಎಂದೆ.

ಅವನು ‘ಅದು ಬೇರೆ’ ಎಂದು ಗೊಣಗಿದ.

“ಅಷ್ಟು ದೊಡ್ಡ ಮ್ಯಾನೇಜರು. ನಿಂಗೆ ಸಂಬಳ ಕೊಡೋ ಜಾಗದಲ್ಲಿರೋರು. ಹೊಟ್ಟೇಲಿ ಹುಣ್ಣು ಇಟ್ಕೊಂಡು ಅವ್ರಿಗೇ ಬೇಡ ಅನ್ನೋಕಾಗ್ಲಿಲ್ಲ. ಭಾವನ ಕೈಲಿ ಹೆಂಗಾಗುತ್ತೆ?”

“ನೀವು ಸುಮ್ನೆ ದೊಡ್ಡದ್ ಮಾಡ್ತೀರ ಅಕ್ಕ” ಎಂದು ಫೋನಿಟ್ಟ. ಅವನು ಕೆಟ್ಟವನಲ್ಲ. ಅದೇ ನನಗೆ ಇನ್ನೂ ಸಿಟ್ಟು ತರಿಸುವ ಸಂಗತಿ. ಕೆಟ್ಟವರು ಮಾಡಿದ್ದರೆ ಬೈದು ಮುಗಿಸಬಹುದಿತ್ತು. ಇಲ್ಲಿ ಎಲ್ಲರೂ ಒಳ್ಳೆಯವರೇ. ಮುನಿರಾಜುಗೆ ಏನಾದರೂ ಆದರೆ ಅಷ್ಟೂ ಜನ ಹೂವಿನ ಹಾರ ಹಿಡಿದುಕೊಂಡು ಬರುತ್ತಾರೆ. ‘ಎಂಥ ಒಳ್ಳೆ ಮನುಷ್ಯ, ಕುಡಿತ ಒಂದಿಲ್ದಿದ್ರೆ’ ಎಂದು ಲೊಚಗುಟ್ಟುತ್ತಾರೆ.

ಬುಧವಾರ ಜಡಿಗೇನಹಳ್ಳಿ ಕಡೆಗೆ ಹೋದೆ. ಮುನಿರಾಜು ಜಗಲಿಯ ಮೇಲೆ ಕೂತಿದ್ದರು. ಅವತ್ತು ಕುಡಿದಿರಲಿಲ್ಲ. ಗಡ್ಡ ಬೆಳೆದಿತ್ತು. ಮಂಜುಳಾ ಒಳಗೆ ಕಾಫಿ ಮಾಡುತ್ತಿದ್ದಳು. ನಾಳೆ ಡಾಕ್ಟರ ಹತ್ತಿರ ಹೋಗಬೇಕು, ಶಿಬಿರದವರಿಗೂ ಫೋನ್ ಮಾಡಿದ್ದಾರೆ, ಮತ್ತೆ ಮೊದಲಿಂದ ಶುರು ಮಾಡಬೇಕು ಎಂದು ಅವಳು ಬಾಗಿಲಲ್ಲೇ ಹೇಳಿದ್ದಳು. ‘ಆಗುತ್ತಾ ಅಕ್ಕ’ ಎಂದು ನನ್ನನ್ನೇ ಕೇಳಿದ್ದಳು.

ನಾನು ಮುನಿರಾಜುಗೆ ಸಮಾಧಾನ ಹೇಳಲು ಹೋಗಿ ಒಂದು ಮಾತಾಡಿದೆ. ಆ ಗದ್ದಲದಲ್ಲಿ ಮಂಜುಳಾ ಕರೆದದ್ದು ನಿಮಗೆ ಕೇಳಿಸಲಿಲ್ಲ ಬಿಡಿ, ಕೇಳಿಸಿದ್ದರೆ ಎದ್ದು ಬರುತ್ತಿದ್ದಿರಿ ಎಂದೆ.

ಅವರು ಅಡುಗೆಮನೆಯ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿದರು.

“ಕೇಳಿಸ್ತು ಅತ್ತಿಗೆ. ಚೆನ್ನಾಗೇ ಕೇಳಿಸ್ತು. ಬೀಗ್ರು, ಆ ಜಪಾನಿನೋರು, ಎಲ್ರೂ ನೋಡ್ತಾವ್ರೆ. ಅಷ್ಟು ಜನದ ಮುಂದೆ ಹೆಂಡ್ತಿ ಕರೆದ್ಲು ಅಂತ ಗ್ಲಾಸ್ ಇಟ್ಟು ಎದ್ ಬಂದ್ರೆ ಏನಂದ್ಕೊಳ್ಳಲ್ಲ? ಅದಕ್ಕೆ ಕುಡ್ದೆ.”

ಭಾನುವಾರದಿಂದ ನಾನು ಹರೀಶನನ್ನು ಬೈಯುತ್ತಿದ್ದೆ, ಆ ಕೂಗನ್ನು ಬೈಯುತ್ತಿದ್ದೆ, ಅದು ಬಂದ ದೇಶವನ್ನೂ ಮನಸ್ಸಿನಲ್ಲೇ ಬೈಯುತ್ತಿದ್ದೆ. ಈಗ ಯಾರನ್ನು ಬೈಯಲಿ? ಕೂಗು ಅಲ್ಲಿಂದ ಬಂತು, ಸರಿ. ಹೆಂಡತಿ ‘ರೀ’ ಎಂದರೆ ಎದ್ದು ಬರುವುದು ಅವಮಾನ, ಊರೆಲ್ಲ ‘ಕುಡಿ’ ಎಂದರೆ ಸಾಯುವಂತೆ ಕುಡಿಯುವುದು ಗಂಡಸುತನ ಎಂದು ನಮಗೆ ಯಾವ ಜಪಾನಿನವರು ಬಂದು ಕಲಿಸಿದರು?